ಆಯುಧ ಪೂಜೆಗೆ ತೊಳೆದ ಗೂಡ್ಸ್ ಗಾಡಿ

ಮದುವೆಗೆ ಮುಂಚೆ ಹುಡುಗನ ಬಗ್ಗೆ ನಮ್ಮಮ್ಮ ಕೇಳದೆ ಬಿಟ್ಟ ಪ್ರಶ್ನೆ ಇರಲಿಲ್ಲ. ಕುಡೀತಾನಾ, ಸಿಗರೇಟು ಸೇದ್ತಾನಾ, ಇಸ್ಪೀಟಾಡ್ತಾನಾ, ಎಲ್ಲವನ್ನೂ ವಿಚಾರಿಸಿದ್ದರು. "ಹುಡುಗ ರಿವೆಟ್ ಎಣಿಸುತ್ತಾನಾ?" ಎಂದು ಕೇಳಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಎಣಿಸುತ್ತಾನೆ.

ನನ್ನ ಗಂಡ ಹರಿ ಹಗಲೆಲ್ಲ ಮ್ಯಾನ್‌ಹಟನ್ನಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಸಂಜೆ ಪಾತ್ ಟ್ರೈನಿನಲ್ಲಿ ಜರ್ಸಿ ಸಿಟಿಗೆ ಬಂದಿಳಿದು, ನಮ್ಮ ಅಪಾರ್ಟ್‌ಮೆಂಟಿನ ಊಟದ ಮೇಜಿನ ಅರ್ಧ ಭಾಗವನ್ನು ವಶಪಡಿಸಿಕೊಂಡು, ಅಮೆರಿಕದ ಹಳೇ ಗೂಡ್ಸ್ ಡಬ್ಬಿಗಳನ್ನು ಮಾಡುತ್ತಾರೆ. ಅಂಗೈಯಲ್ಲಿ ಹಿಡಿಸುವಷ್ಟು ಡಬ್ಬಿ. ಅದನ್ನು ಆಟಿಕೆ ಎನ್ನಬಾರದು. (ಒಮ್ಮೆ ಅಂದಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಆ ಎರಡು ದಿನ ಮನೆ ಎಷ್ಟು ಪ್ರಶಾಂತವಾಗಿತ್ತು!) ಮಾಡೆಲ್ ಎನ್ನಬೇಕು. ನಿಜವಾದ ಡಬ್ಬಿಯ ಎಂಬತ್ತೇಳರಲ್ಲಿ ಒಂದು ಪಾಲು ಅದರ ಅಳತೆ. ಮನೆಗೆಲಸದಲ್ಲಿ ಅವರ ಪಾಲೂ ಅಷ್ಟೇ.

ಇವರಿಗೊಂದು ಕ್ಲಬ್ಬಿದೆ. ಅಲ್ಲಿ ಡಬ್ಬಿ ಬರೀ ಡಬ್ಬಿಯ ಹಾಗಿದ್ದರೆ ಸಾಲದು. ಇಂಥ ಕಂಪನಿಯ, ಇಂಥ ನಂಬರಿನ ಡಬ್ಬಿ ಇಂಥ ವರ್ಷ ಹೇಗಿತ್ತೋ, ತಗಡು ಕೂಡಿಸುವ ರಿವೆಟ್ ಮೊಳೆಗಳ ಲೆಕ್ಕವೂ ಸೇರಿ, ಕೂದಲೆಳೆಯಷ್ಟೂ ಬದಲಾಗದೆ ಹಾಗೇ ಇರಬೇಕು. ಅದಕ್ಕೆ ಹಳೇ ಫೋಟೋ ಸಾಕ್ಷಿ ಬೇಕು. ನಮ್ಮ ಮದುವೆ ತಾರೀಖು ಕೇಳಿದರೆ ತಡವರಿಸುವ ಮಹಾನುಭಾವರು, ೧೯೫೨ರಲ್ಲಿ ಯಾವ ಡಬ್ಬಿಯ ಏಣಿಗೆ ಎಷ್ಟು ಮೆಟ್ಟಿಲಿತ್ತೆಂದು ನಿದ್ದೆಗಣ್ಣಲ್ಲೂ ಹೇಳುತ್ತಾರೆ.

ಇದನ್ನೂ ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ಮುಂದಿನದು. ಡಬ್ಬಿ ಮುಗಿದು, ಬಣ್ಣ ಕಂಡು, ಫಳಫಳ ಹೊಳೆಯುತ್ತಿರುವಾಗ ಇವರು ಅದಕ್ಕೆ ಕೊಳೆ ಹಚ್ಚಲು ಕೂರುತ್ತಾರೆ! ಮಸಿ, ಧೂಳು, ಎಣ್ಣೆ ಜಿಡ್ಡು, ತುಕ್ಕು. ಈ ದೇಶದಲ್ಲಿ ಧೂಳನ್ನೂ ಪುಟ್ಟ ಬಾಟಲಿಯಲ್ಲಿ ತುಂಬಿ ಮಾರುತ್ತಾರೆ. ನಮ್ಮ ಸೋಫಾ ಕೆಳಗೆ ಬಿಟ್ಟಿ ಸಿಗುವುದನ್ನು ಇವರು ಆನ್‌ಲೈನಿನಲ್ಲಿ ತರಿಸುತ್ತಾರೆ.

ನಾನು ಮೊದಲೇ ಭಯದ ಪ್ರಾಣಿ. ನಮ್ಮ ವೇದ್‌ಗೆ ನಾಲ್ಕು ವರ್ಷ. ಅವನಿಗೆ ದ್ರಾಕ್ಷಿ ಕೊಡುವ ಮುಂಚೆ ನಾಲ್ಕು ಹೋಳು ಮಾಡುತ್ತೇನೆ. ಪಾರ್ಕಿನ ಜಾರುಬಂಡೆಯನ್ನು ಒರೆಸಿಯೇ ಹತ್ತಿಸುತ್ತೇನೆ. ಅಂಥ ಮನೆಯಲ್ಲಿ, ಅನ್ನ ತಿನ್ನುವ ಮೇಜಿನ ಮೇಲೆ, ತುಕ್ಕು!

"ರೀ, ಮಗು ಅದನ್ನ ಬಾಯಿಗೆ ಹಾಕ್ಕೊಂಡ್ರೆ? ಟೆಟನಸ್ ಆದ್ರೆ?"

"ಅದು ಬಣ್ಣ ಕಣೆ ಹಂಸು. ಬಣ್ಣದ ತುಕ್ಕಿಗೆ ಟೆಟನಸ್ ಬರಲ್ಲ."

"ನೋಡೋಕೆ ಎಷ್ಟು ಗಲೀಜು!"

ಕೆಳಗೆ ಆಡುತ್ತಿದ್ದ ವೇದ್ ತಲೆಯೆತ್ತಿ, ಅಪ್ಪ ಹೇಳಿಕೊಟ್ಟ ಪಾಠವನ್ನು ಒಪ್ಪಿಸಿದ: "ಅಮ್ಮಾ, ಇಟ್ಸ್ ನಾಟ್ ಡರ್ಟಿ. ಇಟ್ಸ್ ಓಲ್ಡ್."

"ನೋಡಿ, ಇವನನ್ನೂ ಕೆಡಿಸಿದ್ರಿ. ನಾನು ಇವನಷ್ಟಿದ್ದಾಗ ಫ್ರಾಕಿಗೆ ಒಂದು ಚುಕ್ಕೆ ಕೊಳೆ ತಾಗಿಸ್ಕೊಂಡವಳಲ್ಲ. ನಮ್ಮಪ್ಪ ರೈಲ್ವೇಲಿದ್ರೂ ನಾನು ಇಸ್ತ್ರಿ ಮಾಡಿದ ಹಾಗಿರ್ತಿದ್ದೆ!"

ಈ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದೆ. ನೆನಪಿರಲಿ.

ನಮ್ಮಪ್ಪ ಮೈಸೂರಿನಲ್ಲಿ ಗೂಡ್ಸ್ ಗಾರ್ಡ್ ಆಗಿದ್ದರು. ಗೂಡ್ಸ್ ಗಾಡಿಯ ಕಟ್ಟಕಡೆಗೆ, ಬಾಲಂಗೋಚಿಯ ಹಾಗೆ, ಒಂದು ಕಾವಿ ಬಣ್ಣದ ಡಬ್ಬಿ ಇರುತ್ತಿತ್ತಲ್ಲ, ಪುಟ್ಟ ಜಗಲಿಯಿದ್ದ ಡಬ್ಬಿ, ಅದು ಅವರ ಸಾಮ್ರಾಜ್ಯ. ಕ್ವಾರ್ಟರ್ಸಿನ ಹಿಂದೆಯೇ ಯಾರ್ಡು. ನಮ್ಮ ಹಿತ್ತಿಲ ತಂತಿಯ ಮೇಲೆ ನನ್ನ ಫ್ರಾಕುಗಳ ಪಕ್ಕದಲ್ಲಿ ಅಪ್ಪನ ಕೆಂಪು ಬಾವುಟ, ಹಸಿರು ಬಾವುಟ ಒಣಗುತ್ತಿದ್ದವು. ಗಾಡಿ ಹೊರಟಾಗ ಅಪ್ಪ ಆ ಜಗಲಿಯಲ್ಲಿ ನಿಂತು ಹಸಿರು ಬಾವುಟ ಬೀಸುತ್ತಿದ್ದರು. ಅದು ಡ್ರೈವರಿಗೆ ಎಂದು ಲೋಕ ತಿಳಿದಿತ್ತು. ನನಗೆ ಎಂದು ನಾನು ತಿಳಿದಿದ್ದೆ. ಡಬ್ಬಿ ಚುಕ್ಕೆಯಾಗಿ, ಚುಕ್ಕೆಯೂ ಇಲ್ಲವಾಗುವವರೆಗೆ ನಿಂತಿರುತ್ತಿದ್ದೆ. ಇಲ್ಲಿ ಹಡ್ಸನ್ ನದಿಯ ಕಡೆಯಿಂದ ದೂರದಲ್ಲೆಲ್ಲೋ ಗೂಡ್ಸ್ ಗಾಡಿ ಕೂಗಿದರೆ ಒಗ್ಗರಣೆಯ ಸೌಟು ಹಿಡಿದವಳು ಈಗಲೂ ಒಂದು ಕ್ಷಣ ನಿಲ್ಲುತ್ತೇನೆ. (ಆ ಕ್ಷಣದಲ್ಲಿ ಸಾಸಿವೆ ಸೀದು ಹೋಗುತ್ತದೆ. ಇವರು ಅದನ್ನೂ ಎಣಿಸುತ್ತಾರೆ.)

ಈ ಬೇಸಿಗೆಯಿಂದ ಇವರು ಪ್ರತಿ ಶನಿವಾರ ಮೈಸೂರಿಗೆ ಫೋನ್ ಮಾಡಿ, ಬಾಗಿಲು ಹಾಕಿಕೊಂಡು ನಮ್ಮಪ್ಪನ ಜೊತೆ ಪಿಸುಗುಡತೊಡಗಿದರು. ನಾನು ಒಳಗೆ ಬಂದರೆ ಮಾವ ಅಳಿಯ ಇಬ್ಬರೂ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ನನ್ನ ಮೇಲೇ ಚಾಡಿ ಎಂದು ನನಗೆ ಖಾತ್ರಿಯಾಗಿತ್ತು.

ಹೀಗಿರುವಾಗ ಆಯುಧ ಪೂಜೆ ಬಂತು. ಶನಿವಾರ ಪೂಜೆ, ಭಾನುವಾರ ಇವರ ಕ್ಲಬ್ಬಿನ ವಾರ್ಷಿಕ ಶೋ. ಎರಡು ವರ್ಷದಿಂದ ಮಾಡಿದ ಅಷ್ಟೂ ಡಬ್ಬಿಗಳನ್ನು ಜಡ್ಜಿನ ಮುಂದೆ ಇಡುವ ದಿನ. ಶನಿವಾರ ಬೆಳಗ್ಗೆಯೇ ಇವರು ಹಾಲ್‌ನಲ್ಲಿ ಮೇಜು ಜೋಡಿಸಲು ಹೋದರು.

ನಾನು ನಮ್ಮ ದೇಶದ ಅಂಗಡಿಗಳಿರುವ ನೆವಾರ್ಕ್ ಅವೆನ್ಯೂಗೆ ಹೋಗಿ ಸೇವಂತಿಗೆ, ನಿಂಬೆಹಣ್ಣು, ಒಂದು ಬೂದುಗುಂಬಳ ತಂದೆ. ತಂದ ಮೇಲೆ ಯೋಚನೆಯಾಯಿತು: ಪೂಜೆ ಯಾವುದಕ್ಕೆ? ನಮ್ಮ ಹತ್ತಿರ ಕಾರಿಲ್ಲ. ಇದ್ದದ್ದು ವೇದ್‌ನ ಸ್ಟ್ರೋಲರ್ ಒಂದೇ. ಯಾರ್ಡಿನಲ್ಲಿ ಅಪ್ಪ ಇಡೀ ಗಾಡಿಗೆ ಮಂಗಳಾರತಿ ಎತ್ತುತ್ತಿದ್ದುದು ನೆನಪಾಗಿ ಕಣ್ಣು ತುಂಬಿತು. ತುಂಬಿದ ಕಣ್ಣಿಗೆ ಶೆಲ್ಫಿನ ಮೇಲೆ ಸಾಲಾಗಿ ನಿಂತ ಗೂಡ್ಸ್ ಡಬ್ಬಿಗಳು ಕಂಡವು. ಚಕ್ರ ಇದೆ. ವಾಹನವೇ! ಆದರೆ ಅಷ್ಟು ಕೊಳಕು ವಾಹನವನ್ನು ತೊಳೆಯದೆ ಯಾವ ದೇವರು ಒಪ್ಪುತ್ತಾನೆ?

ಗಂಡನಿಗೆ ಸರ್ಪ್ರೈಸ್ ಕೊಡುವ ಆಸೆ, ದೈವಭಕ್ತಿ, ಟೆಟನಸ್ ಭಯ ಮೂರೂ ಒಟ್ಟಿಗೆ ಕೂಡಿದಾಗ ಹೆಣ್ಣನ್ನು ತಡೆಯುವವರಿಲ್ಲ.

ಬೆಚ್ಚಗಿನ ನೀರು, ಪಾತ್ರೆ ಸೋಪು, ಹಳೇ ಟೂತ್‌ಬ್ರಷ್. ಹೋಗದ ಕಲೆಗೆ ಸ್ಯಾನಿಟೈಸರ್. ಅದು ಹಚ್ಚಿದ್ದೇ ತಡ, ತುಕ್ಕು ಬೆಣ್ಣೆಯ ಹಾಗೆ ಕರಗಿತು! ಸಿಂಕ್ ಕಪ್ಪಾಯಿತು, ಕಂದಾಯಿತು, ನನ್ನ ಮನಸ್ಸು ಹಗುರಾಯಿತು. ಸಾಲಿನ ಕೊನೆಯದು ಜಗಲಿಯಿದ್ದ ಡಬ್ಬಿ. ಅಮೆರಿಕದ ಗಾಡಿಗಳಿಗೂ ಕೊನೆಗೊಂದು ಹಾಗೇ ಇರುತ್ತಿತ್ತೆಂದು ಕೇಳಿದ್ದೆ. ಅದರ ಪಕ್ಕದಲ್ಲಿ ಬಳಪದಲ್ಲಿ ಗೀಚಿದ ಹಾಗೆ ಏನೋ ಬೆಳ್ಳಗೆ ಕಂಡಿತು. ವೇದ್‌ನ ಕೈವಾಡವೆಂದು ಅದಕ್ಕೆ ಎರಡು ಸಲ ಬ್ರಷ್ ಹಾಕಿದೆ. ಕೊಳೆ ಹೋದ ಮೇಲೆ ಆ ಡಬ್ಬಿಯನ್ನು ಎಲ್ಲೋ ನೋಡಿದಂತೆನಿಸಿತು. ಅಷ್ಟರಲ್ಲಿ ವೇದ್ ಅರಿಸಿನದ ಬಟ್ಟಲಿಗೆ ಕೈಹಾಕಿದ್ದರಿಂದ ಯೋಚನೆ ಅಲ್ಲಿಗೇ ನಿಂತಿತು.

ಪ್ರತಿ ಡಬ್ಬಿಗೂ ಅರಿಸಿನ, ಕುಂಕುಮ, ಒಂದೊಂದು ಸೇವಂತಿಗೆ ಎಸಳು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರೆ ಡಬ್ಬಿಯೇ ಹಳಿ ತಪ್ಪುತ್ತಿತ್ತು; ಹಾಗಾಗಿ ಸಣ್ಣ ಹೋಳು ಮಾಡಿ ಇಟ್ಟೆ. (ನಾನೂ ಅಳತೆ ಬಲ್ಲವಳು.)

ಇವರು ಸಂಜೆ ಬಂದರು. ನೋಡಿದರು. ಬೈಯಲಿಲ್ಲ. ಬೂಟು ಬಿಚ್ಚದೆ ಕುರ್ಚಿಯ ಮೇಲೆ ಕೂತರು.

"ಹೇಗಿದೆ?" ಎಂದೆ.

"ಏನು ಮಾಡ್ದೆ ಹಂಸು?"

"ಪೂಜೆ. ನಾಳೆ ಶೋಗೆ ಕೊಳೆ ಡಬ್ಬಿ ಒಯ್ದು ಮರ್ಯಾದೆ ಕಳ್ಕೋಬಾರ್ದು ಅಂತ ಚೆನ್ನಾಗಿ ಕೊಳೆ ತೊಳೆದೆ."

"ಅದು ಕೊಳೆ ಅಲ್ಲ ಕಣೆ! ಎರಡು ವರ್ಷ ಒಂದೊಂದೇ ಪದರ ಕೂರಿಸಿದ್ದೆ. ನೀನು ತೊಳೆದಿದ್ದು ಸಾವಿರದ ಒಂಬೈನೂರ ಐವತ್ತೆರಡನೇ ಇಸವಿ!"

ಒಂದು ಇಡೀ ಇಸವಿಯನ್ನು ಸಿಂಕಿಗೆ ಸುರಿದವಳು ನಾನು. "ಅಂಗಡೀಲಿ ಬಾಟಲಿ ಸಿಗುತ್ತಲ್ಲ, ಇನ್ನೊಂದು ತರಿಸಿ" ಎಂದೆ. ಹೇಳಬಾರದಿತ್ತು.

ಇವರು ಎದ್ದು ಕೊನೆಯ ಡಬ್ಬಿಯನ್ನು ಎತ್ತಿ ನನ್ನ ಅಂಗೈ ಮೇಲಿಟ್ಟರು. "ಉಳಿದದ್ದು ಹೋಗ್ಲಿ. ಇದು ನಿಂಗೆ ಅಂತ ಮಾಡಿದ್ದು. ನಾಳೆ ಅಲ್ಲಿ ತೋರಿಸಿ ಕೊಡೋಣ ಅಂತಿದ್ದೆ. ನಿಮ್ಮಪ್ಪನ ಡಬ್ಬಿ."

ಒಳಗೆ ಬಗ್ಗಿ ನೋಡಿದೆ. ಬೆಂಚು. ಅಕ್ಕಿಕಾಳಿನಷ್ಟು ಟ್ರಂಕು. ಅದರ ಮೇಲೆ ಸುತ್ತಿಟ್ಟ ಎರಡು ಬಾವುಟ, ಒಂದು ಕೆಂಪು, ಒಂದು ಹಸಿರು.

"ಪಕ್ಕದಲ್ಲಿ ಬಳಪದಲ್ಲಿ ಅ ಆ ಇ ಅಂತ ಬರೆದಿದ್ದೆ. ನೀನು ಅಕ್ಷರ ಕಲಿತಿದ್ದೇ ಆ ಡಬ್ಬಿ ಮೇಲಂತೆ. ಮಾವ ಹೇಳಿದ್ರು. ಒಂದೆಳೆ ಬ್ರಷ್ಷಲ್ಲಿ ಬರೆಯೋಕೆ ಒಂದು ಭಾನುವಾರ ಹಿಡೀತು."

ಆ ಅಕ್ಷರಗಳಿಗೆ ನಾನು ಎರಡು ಸಲ ಬ್ರಷ್ ಹಾಕಿದ್ದೆ.

ಆಮೇಲೆ ನಡೆಸಿದ ಪುನರುಜ್ಜೀವನ ಕಾರ್ಯದ ವಿವರ ಬೇಡ. ಕಾಫಿ ಡಿಕಾಕ್ಷನ್, ಕಾಡಿಗೆ, ಸಾರಿನ ಪುಡಿ ಎಲ್ಲವನ್ನೂ ಅಮೆರಿಕದ ಡಬ್ಬಿಗಳ ಮೇಲೆ ಪ್ರಯೋಗಿಸಿದೆ. ೧೯೫೨ ಮರಳಿ ಬರಲಿಲ್ಲ. ಡಬ್ಬಿಗಳಿಂದ ನಮ್ಮ ಅಡುಗೆಮನೆಯ ವಾಸನೆ ಬರತೊಡಗಿತು. ಅವನ್ನೆಲ್ಲ ಮತ್ತೆ ತೊಳೆದು, ಅಳುತ್ತಾ ಮೈಸೂರಿಗೆ ಫೋನ್ ಮಾಡಿದೆ. ಅಲ್ಲಿ ಆಗ ತಾನೆ ಬೆಳಗಾಗಿತ್ತು. ಅಪ್ಪ ಎಲ್ಲ ಕೇಳಿಸಿಕೊಂಡು ಕೆಮ್ಮು ಬರುವಷ್ಟು ನಕ್ಕರು.

"ಅಳ್ಬೇಡ ಪುಟ್ಟಿ. ನಾನೂ ಪ್ರತಿ ವರ್ಷ ಆಯುಧ ಪೂಜೆಗೆ ನಿನ್ನ ಅ ಆ ಇ ತೊಳೀತಿದ್ದೆ. ನೀನು ಮಾರನೇ ದಿನ ಮತ್ತೆ ಬರೀತಿದ್ದೆ. ಒಂದು ಸಲ ಪೂಜೆ ದಿನ ಫೋಟೋ ತೆಗೆಸಿದ್ದು ಎಲ್ಲೋ ಇರ್ಬೇಕು. ಹುಡುಕಿ ಕಳಿಸ್ತೀನಿ. ಜಡ್ಜಿಗೆ ತೋರ್ಸು. ಅವನಿಗೆ ಬೇಕಾಗಿರೋದು ಸಾಕ್ಷಿ ತಾನೆ?"

ಶೋ ನಡೆದದ್ದು ಒಂದು ಚರ್ಚ್ ಹಾಲ್‌ನಲ್ಲಿ. ಜಡ್ಜು ವಾಲ್ಟರ್ ಎಂಬ ಅಜ್ಜ, ನಿವೃತ್ತ ಹಲ್ಲಿನ ಡಾಕ್ಟರ್. ಹಲ್ಲು ನೋಡುವ ಅದೇ ಪುಟ್ಟ ಕನ್ನಡಿಯನ್ನು ಡಬ್ಬಿಗಳ ಕೆಳಗೆ ತೂರಿಸಿ ನೋಡುತ್ತಿದ್ದರು. ಇವರ ಅಮೆರಿಕನ್ ಡಬ್ಬಿಗಳ ಮುಂದೆ ನಿಂತು, ಹುಳುಕು ಹಲ್ಲು ಕಂಡವರ ಹಾಗೆ ನಿಟ್ಟುಸಿರಿಟ್ಟರು. "ಟೂ ಕ್ಲೀನ್, ಹ್ಯಾರಿ. ವಾಟ್ ಹ್ಯಾಪನ್ಡ್?" ಹರಿ ನನ್ನತ್ತ ನೋಡಿದರು. ನಾನು ಛಾವಣಿ ನೋಡಿದೆ.

ವಾಲ್ಟರ್ ಕೊನೆಯ ಡಬ್ಬಿಗೆ ಬಂದರು. ನಾನು ಅದರ ಅರಿಸಿನ ಕುಂಕುಮ ಹಾಗೇ ಬಿಟ್ಟಿದ್ದೆ. "ಅಂಡ್ ದಿಸ್ ಯೆಲ್ಲೋ? ಡು ಯೂ ಹ್ಯಾವ್ ಎ ಫೋಟೋ?"

ಸರಿಯಾಗಿ ಆಗಲೇ ಫೋನು ಟಿಂಗ್ ಎಂದಿತು. ಅಪ್ಪ ಕಳಿಸಿದ ಫೋಟೋ! ಡಬ್ಬಿ ತೊಳೆದು ಥಳಥಳ ಹೊಳೆಯುತ್ತಿದೆ, ಬಾಗಿಲಿಗೆ ಬಾಳೆಕಂಬ, ಪಕ್ಕಕ್ಕೆ ಅರಿಸಿನ ಕುಂಕುಮ, ಜಗಲಿಯಲ್ಲಿ ನಮ್ಮಪ್ಪ, ಮೀಸೆ ಇನ್ನೂ ಕಪ್ಪಗೆ. ಅಷ್ಟು ನೋಡಿದ್ದೇ ವಿಜಯೋತ್ಸಾಹದಿಂದ ಫೋನನ್ನು ಅವರ ಮೂಗಿಗೆ ಹಿಡಿದೆ. "ಸೀ! ಒನ್ಸ್ ಎ ಇಯರ್ ವೀ ವಾಶ್ ಇಟ್! ದಿಸ್ ಈಸ್ ದಟ್ ಡೇ!"

ಹರಿಯ ಬೆನ್ನು ನೆಟ್ಟಗಾಯಿತು. ಅಜ್ಜ ಫೋಟೋ ನೋಡಿದರು, ಡಬ್ಬಿ ನೋಡಿದರು, ಮತ್ತೆ ಫೋಟೋ ನೋಡಿದರು.

"ಬ್ಯೂಟಿಫುಲ್. ಅಕ್ಯುರೇಟ್. ಬಟ್ ಯೂ ಫರ್ಗಾಟ್ ದಿ ಗ್ರೀಸ್ ಡ್ರಮ್."

"ಯಾವ ಗ್ರೀಸ್ ಡ್ರಮ್ಮು?" ಎಂದು ಹರಿಯನ್ನು ಕೇಳಿದೆ.

ಅಜ್ಜ ಕನ್ನಡಿಯ ತುದಿಯಿಂದ ತೋರಿಸಿದರು. ಹೌದು, ಫೋಟೋದಲ್ಲಿ ಡಬ್ಬಿಯ ಮೆಟ್ಟಿಲ ಮೇಲೆ ಕಪ್ಪಗೆ, ಮೊಟಕಾಗಿ ಏನೋ ಇತ್ತು. ಹರಿ ಫೋನು ಕಿತ್ತುಕೊಂಡು ದೊಡ್ಡದು ಮಾಡಿದರು. ಡ್ರಮ್ಮಿಗೆ ಎರಡು ಜಡೆ ಬಂದವು. ಇನ್ನೂ ದೊಡ್ಡದು ಮಾಡಿದರು. ಎರಡು ಕಣ್ಣು. ನೆತ್ತಿಯಿಂದ ಪಾದದವರೆಗೆ ಕೀಲೆಣ್ಣೆ. ಫ್ರಾಕಿಗೆ ಯಾವ ಬಣ್ಣವಿತ್ತೋ ಅದನ್ನು ಹೊಲಿದ ದರ್ಜಿಯೂ ಹೇಳಲಾರ. ಬಾಯಲ್ಲಿ ಏನನ್ನೋ ಚೀಪುತ್ತಿತ್ತು.

ಫೋಟೋದ ಬೆನ್ನಿಗೇ ಅಪ್ಪನ ವಾಯ್ಸ್ ಮೆಸೇಜೂ ಬಂತು. ಹರಿ ಅದನ್ನು ಹಾಲ್‌ಗೆಲ್ಲ ಕೇಳುವ ಹಾಗೆ ಹಾಕಿದರು: "ಪುಟ್ಟಿ, ಸಿಕ್ತು ನೋಡು! ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಕಿತ್ಕೊಂಡು ಚೀಪ್ತಾ ಕೂತಿದೀಯ. ಅವತ್ತು ಗಾಡಿ ತೊಳೆಯೋದು ಸುಲಭ ಆಯ್ತು, ನಿನ್ನ ತೊಳೆಯೋಕೆ ನಿಮ್ಮಮ್ಮ ಸೀಮೆಎಣ್ಣೆ ತರಿಸಿದ್ಲು. ಒಂದೇ ಒಂದು ದಿನ ನೀನು ಕ್ಲೀನಾಗಿ ಮನೆಗೆ ಬಂದವಳಲ್ಲ!"

ಹರಿ ನಕ್ಕರು. ನಿಂತು ನಕ್ಕರು, ಕೂತು ನಕ್ಕರು. ಕನ್ನಡ ಬಾರದ ವಾಲ್ಟರ್ ಅಜ್ಜನೂ ನಕ್ಕರು.

ಬಹುಮಾನ ಬರಲಿಲ್ಲ. "ಮುಂದಿನ ಶೋಗೆ ಗ್ರೀಸ್ ಡ್ರಮ್ ಸಮೇತ ಬಾ, ಆಗ ನೋಡೋಣ" ಎಂದು ಅಜ್ಜ ಹರಿಯ ಭುಜ ತಟ್ಟಿದರು. ಹೀಗಾಗಿ ಈಗ ನಮ್ಮ ಊಟದ ಮೇಜಿನ ಮೇಲೆ ಬೆರಳುಗುರಿನಷ್ಟು ಹುಡುಗಿಯೊಬ್ಬಳು ತಯಾರಾಗುತ್ತಿದ್ದಾಳೆ. ಫೋನಿನಲ್ಲಿ ಅಪ್ಪನ ಮೇಲ್ವಿಚಾರಣೆ: "ಇನ್ನೂ ಸ್ವಲ್ಪ ಕೊಳೆ ಹಚ್ಚಿ, ಅಳಿಯಂದಿರೇ. ಸಾಲದು. ಮೂಗಿನ ಮೇಲೂ ಇತ್ತು."

ಡಬ್ಬಿಯ ಅಕ್ಷರ ಮಾತ್ರ ನಾನೇ ಬರೆದೆ. ಒಂದೆಳೆ ಬ್ರಷ್ ಹಿಡಿದು, ಉಸಿರು ಬಿಗಿಹಿಡಿದು, ಅ, ಆ, ಇ. ಸೊಟ್ಟಗೆ ಬಂದವು. "ಹಾಗೇ ಇತ್ತು ಪುಟ್ಟಿ, ಹಾಗೇ" ಎಂದರು ಅಪ್ಪ. ಅಕ್ಷರ ಒಣಗಲೆಂದು ಮೆಲ್ಲಗೆ ಊದಿದೆ.

ಅಷ್ಟರಲ್ಲಿ ವೇದ್ ಕುರ್ಚಿ ಹತ್ತಿ ಮೆಟ್ಟಿಲ ಮೇಲಿನ ಗೊಂಬೆಯನ್ನು ನೋಡಿದ. "ಹೂ ಈಸ್ ದಿಸ್?"

"ನಾನೇ ಕಣೋ ಪುಟ್ಟಾ. ಚಿಕ್ಕವಳಿದ್ದಾಗಿನ ಅಮ್ಮ."

"ಅಮ್ಮಾ! ಯೂ ಆರ್ ಸೋ ಡರ್ಟಿ!" ಎಂದವನು, ಅಪ್ಪನ ಮುಖ ನೋಡಿ, ಪಾಠ ನೆನಪಾಗಿ, ನನ್ನ ಕೆನ್ನೆ ಸವರಿ ಸಮಾಧಾನ ಮಾಡಿದ: "ಸಾರಿ ಅಮ್ಮಾ. ಯೂ ಆರ್ ನಾಟ್ ಡರ್ಟಿ. ಯೂ ಆರ್ ಓಲ್ಡ್."

ಸ್ಯಾನಿಟೈಸರ್ ಕೈಗೆ ಸಿಗುವಲ್ಲೇ ಇತ್ತು. ಆದರೆ ಅದಕ್ಕೆ ಕರಗುವುದು ಬಣ್ಣದ ತುಕ್ಕು ಮಾತ್ರವಂತೆ; ವಯಸ್ಸಿನದಲ್ಲ.