ನೀಲಿ ಯಾವುದು, ಕಪ್ಪು ಯಾವುದು

ರಗಳೆಗೆಲ್ಲ ಕಾರಣ ಎರಡು ಸಣ್ಣ ವೈರು, ಒಂದು ನೀಲಿ, ಒಂದು ಕಪ್ಪು. ತಾರಸಿ ಮೇಲೆ ಸೋಲಾರ್ ಕೂರಿಸಿ ಇಳಿದಿದ್ದ ವೈರ್‌ಮನ್ನಿಗೆ ಇವನ್ನು ಮೀಟರಿಗೆ ಸೇರಿಸುವುದಷ್ಟೇ ಬಾಕಿ. ಅದಲುಬದಲಾದರೆ ಮೀಟರು ಮನೆಯಿಂದ ಹೊರಟ ಕರೆಂಟನ್ನು ಮನೆಗೆ ಬಂದದ್ದೆಂದು ತೋರಿಸುತ್ತದೆ; ಅದು ಕೂಡಲೇ ಆಫೀಸಿನ ಕಂಪ್ಯೂಟರಿನಲ್ಲೂ ಕಾಣುತ್ತದೆ. ಹಿಂದಿನ ಎರಡು ಮನೆಗಳಲ್ಲಿ ಹಾಗೇ ಆಗಿತ್ತು. "ಇನ್ನೊಂದ್ಸಲ ಆದ್ರೆ ಟೂಲ್ಸ್ ಚೀಲ ತಂದು ಒಪ್ಪಿಸ್ಬಿಡಿ" ಎಂದಿದ್ದ ಸೂಪರ್‌ವೈಸರ್.

ಕೈಯೇನೋ ಪಳಗಿದ್ದೇ, ಕೆಟ್ಟಿದ್ದು ಕಣ್ಣು. ಪೊರೆ ಬಂದು ನೀಲಿಯೂ ಕಪ್ಪೂ ಅವಳಿ ಮಕ್ಕಳಂತೆ ಕಾಣುತ್ತಿದ್ದವು. ಇಪ್ಪತ್ತೆಂಟು ವರ್ಷ ದುಡಿದವನು ಅದನ್ನು ಯಾವ ಬಾಯಲ್ಲಿ ಹೇಳಿಯಾನು, ಪಾಪ!

ಕಾಂಪೌಂಡಿನಾಚೆಯಿಂದ ಪಕ್ಕದ ಮನೆ ಟೀಚರಮ್ಮ ಇಣುಕಿದರು. "ಏನಪ್ಪಾ, ಆ ಮೀಟರ್ ಡಬ್ಬಿಯೊಳಗೇ ತಲೆ ಇಟ್ಕೊಂಡ್ರಲ್ಲ! ನಾನು ನೋಡ್ಲಾ?"

"ನಿಮಗ್ಯಾಕ್ರೀ ಊರ ಉಸಾಬರಿ?" ಎಂದು ಗದರಿದ ಮನೆಯ ಯಜಮಾನ, ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದ ಟೈಲರ್.

ವೈರ್‌ಮನ್ ಮೆಲ್ಲಗೆ ಕೇಳಿದ, "ಯಜಮಾನ್ರೇ, ಇಲ್ಲಿ ಕತ್ತಲೆ. ನೀಲಿ ಯಾವ್ದು ಹೇಳ್ತೀರಾ?"

"ನಲವತ್ತು ವರ್ಷ ದಾರ ಪೋಣಿಸಿದ ಕಣ್ಣು ಸ್ವಾಮಿ ಇದು! ಎಡಗಡೇದು."

ಸೇರಿಸಿದ್ದೇ ತಡ, ಆಫೀಸಿನಿಂದ ಸೂಪರ್‌ವೈಸರ್ ಫೋನ್. "ಉಲ್ಟಾ ತೋರಿಸ್ತಿದೆ ಕಣ್ರೀ!"

ವೈರ್‌ಮನ್ ಗಾಬರಿಯಲ್ಲಿ ಎರಡನ್ನೂ ಕಿತ್ತ. ಅವು ಪುಟಿದು ಒಂದಕ್ಕೊಂದು ಸುತ್ತಿಕೊಂಡವು.

"ಈಗ ಬಲಗಡೇದು ನೀಲಿ" ಎಂದ ಟೈಲರ್.

"ಅಯ್ಯೋ ರಾಮಾ, ಎಡಗಡೇದು!" ಟೀಚರಮ್ಮ ಕೂಗಿದರು.

"ನೀವು ಸುಮ್ನಿರಿ!" ಗಂಡಸರಿಬ್ಬರೂ ಒಟ್ಟಿಗೇ ರೇಗಿದರು.

ಟೈಲರ್ ಹೇಳಿದಂತೆಯೇ ಸೇರಿಸಿದ್ದಾಯಿತು. ಮತ್ತೆ ಫೋನ್. "ಸಾಕು. ಚೀಲ ತಂದು ಕೊಡಿ."

ವೈರ್‌ಮನ್ ಮೆಟ್ಟಿಲ ಮೇಲೆ ಕುಸಿದು ಕೂತ. "ನನಗೆ ಬಣ್ಣ ಕಾಣಿಸಲ್ಲ ಯಜಮಾನ್ರೇ. ನಿಮ್ಮ ಕಣ್ಣನ್ನೇ ನಂಬಿದ್ದೆ."

ಟೈಲರ್ ಪಕ್ಕದಲ್ಲೇ ಬಂದು ಕೂತ. "ಅಂಗಡಿ ಯಾಕೆ ಮುಚ್ಚಿದೆ ಗೊತ್ತಾ? ಮದುಮಗನ ನೀಲಿ ಕೋಟನ್ನ ಕಪ್ಪು ದಾರದಲ್ಲಿ ಹೊಲಿದ್ಬಿಟ್ಟೆ."

"ಮತ್ತೆ ಮೊದ್ಲೇ ಹೇಳ್ಬಾರ್ದಿತ್ತಾ?"

"ಅಂಗಡಿ ಮುಚ್ಚಿದ್ಮೇಲೆ ಬಣ್ಣದ ವಿಷ್ಯ ನನ್ನ ಯಾರೂ ಕೇಳಿರ್ಲಿಲ್ಲ. ನೀವು ಕೇಳಿದ್ರಿ. ಇಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ."

"ಚೆನ್ನಾಗಿದೆ! ಕುರುಡನಿಗೆ ಕುರುಡ ದಾರಿ ತೋರಿಸಿದ ಹಾಗೆ..." ಎನ್ನುತ್ತ ಗೇಟು ತೆಗೆದು ಬಂದ ಟೀಚರಮ್ಮ ಇಬ್ಬರ ಮುಖ ನೋಡಿ ಮಾತು ನುಂಗಿಕೊಂಡರು. ಡಬ್ಬಿಯ ಮುಂದೆ ಬಗ್ಗಿ, ಬೆರಳಿಟ್ಟು, "ಇದು ನೀಲಿ" ಎಂದರು.

ವೈರ್‌ಮನ್ ಎದ್ದು ಸೇರಿಸಿದ. ಪಳಗಿದ ಕೈ ಸ್ಕ್ರೂಗಳನ್ನು ಸರಸರ ಬಿಗಿಯಿತು. ಮುಚ್ಚಳ ಹಾಕಿ ಮೂವರೂ ಫೋನನ್ನೇ ನೋಡುತ್ತ ಕಾದರು.

ಎಲ್ಲ ಸರಿಯಾಗಿತ್ತು. ಅದಕ್ಕೇ ಫೋನ್ ಬರಲಿಲ್ಲ. ವೈರ್‌ಮನ್ ಇನ್ನೂ ಸ್ವಲ್ಪ ಹೊತ್ತು ಕಾದು, ಒಪ್ಪಿಸಬೇಕಾದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟ.