ಏಡಿ ವಿಡಿಯೋ ಅಳಿಸಲು ಹೋಗಿ

ಮನುಷ್ಯನಿಗೆ ತನ್ನ ಹಳೆಯ ಅವತಾರಗಳನ್ನು ಇಂಟರ್ನೆಟ್ಟಿನಿಂದ ಒರೆಸಿಹಾಕುವ ಹಕ್ಕು ಇರಬೇಕೋ ಬೇಡವೋ ಎಂದು ದೊಡ್ಡವರು ಚರ್ಚಿಸುತ್ತಿರಲಿ. ಹಬ್ಬುವಾಡದ ನಿತೇಶನಾದ ನಾನು ಒಂದೇ ಮಧ್ಯಾಹ್ನದಲ್ಲಿ ಒರೆಸಿ ತೋರಿಸುತ್ತೇನೆಂದು ಪಣ ತೊಟ್ಟೆ!

ಕಾರಣವಿತ್ತು. ಕೇಣಿಯ ದೀಕ್ಷಾಳನ್ನು ನೋಡಿ ಬಂದಿದ್ದೆ. ಅವರ ಕಡೆಯಿಂದ ಒಪ್ಪಿಗೆ ಬರುವುದಷ್ಟೇ ಬಾಕಿ. ಅವರದು ಸ್ವಂತ ದೋಣಿಯ ಮನೆ. ಹುಡುಗಿಯ ಅಪ್ಪನೆದುರು ನಾನು, "ಸಮುದ್ರ ಅಂದ್ರೆ ನಮ್ಗೆ ಅಂಗಳ ಇದ್ದಂಗೆ" ಎಂದು ಕೊಚ್ಚಿಕೊಂಡಿದ್ದೆ. ಆದರೆ ಕಾಲೇಜಿನ ದಿನಗಳಲ್ಲಿ, ಬೆಳಂಬಾರದ ದಂಡೆಯ ಮೇಲೆ, ಕಾಲ್ಬೆರಳನ್ನು ಕಚ್ಚಿ ಹಿಡಿದ ಏಡಿಯ ಸಮೇತ "ಆಯೇ!" ಎಂದು ಅಮ್ಮನನ್ನು ಕರೆದು ಅರಚುತ್ತ ಓಡಿದ ನನ್ನ ವಿಡಿಯೋ ಇನ್ನೂ ಜೀವಂತವಾಗಿತ್ತು. ಗೆಳೆಯ ರೂಪೇಶ ತಾನು ನಡೆಸುವ ಅಂಕೋಲೆ ಸುದ್ದಿಯ ಪುಟದಲ್ಲಿ ಅದನ್ನು ಹಾಕಿದ್ದ.

ಫೋನ್ ಮಾಡಿದೆ. "ಅದನ್ನ ತೆಗಿ ಮಾರಾಯ."

"ತೆಗೀತೆ. ಅದ್ರಲ್ಲಿ ಎಂತ ಅದೆ?"

ತೆಗೆದ. ಗೆದ್ದೆ! ಆದರೆ ರೂಪೇಶ ಪ್ರಾಮಾಣಿಕ ಪತ್ರಕರ್ತ. ತೆಗೆದ ಕೂಡಲೇ ಪ್ರಕಟಣೆ ಹೊರಡಿಸಿದ: "ಹಬ್ಬುವಾಡದ ನಿತೇಶರ ಮದುವೆ ಮಾತುಕತೆ ನಡೆದಿರುವುದರಿಂದ, ಅವರ ಕೋರಿಕೆಯ ಮೇರೆಗೆ ಏಡಿ ವಿಡಿಯೋ ತೆಗೆಯಲಾಗಿದೆ. ದಯವಿಟ್ಟು ಯಾರೂ ಹಂಚಬಾರದು."

ಅಲ್ಲಿಯವರೆಗೆ ಅದು ನೆನಪಿದ್ದದ್ದು ನಮ್ಮ ಗೆಳೆಯರಿಗಷ್ಟೇ. ಸಂಜೆಯೊಳಗೆ ನಮ್ಮದು, ಹುಡುಗಿಯದು ಎರಡೂ ತಾಲೂಕುಗಳು "ಯಾವ ಏಡಿ?" ಎಂದು ಕೇಳತೊಡಗಿದವು. ಯಾರದೋ ಮೊಬೈಲಿನಲ್ಲಿ ಪ್ರತಿ ಸಿಕ್ಕಿತು. ಇನ್ಯಾರೋ ಅದಕ್ಕೆ ಬ್ಯಾಂಡ್ ಬಾಜಾ ಸೇರಿಸಿ, "ಏಡಿಯೋ" ಎಂದು ನಾಮಕರಣವನ್ನೂ ಮಾಡಿದರು. ನಾನು ಕಂಡಕಂಡಲ್ಲಿ "ಅಳಿಸಿರಿ" ಎಂದು ಕಾಮೆಂಟ್ ಹಾಕಿದೆ. ಹಾಕಿದಷ್ಟೂ ಅದು ಮೇಲೆ ಮೇಲೆ ಬಂತು. ಮರುದಿನ ಕಚೇರಿಯಲ್ಲಿ ಮ್ಯಾನೇಜರರ ಫೋನ್ ರಿಂಗಾಯಿತು. ರಿಂಗ್‌ಟೋನಾಗಿ ಒಳಗಿನಿಂದ ಅರಚಿದ್ದು ನಾನೇ.

ನಮ್ಮ ಆಯಿ ಗಂಗೂ ಮೀನು ಹೆಚ್ಚುತ್ತಲೇ ತೀರ್ಪು ಕೊಟ್ಟಳು: "ಒಂದು ಕಲೆ ಒರಸೂಕೆ ಹೋಗಿ ಇಡೀ ಗೋಡೆಗೆ ಬಳ್ದೆ ನೀನು."

ಅಷ್ಟರಲ್ಲಿ ದೀಕ್ಷಾಳ ಫೋನ್. ಸಂಬಂಧ ಮುರಿಯಿತೆಂದೇ ತಿಳಿದು ನಾನೇ ಮೊದಲು ಬಾಯಿಬಿಟ್ಟೆ. "ಆ ವಿಡಿಯೋ ಹಳೇದು. ನಾ ಈಗ ಹಾಗಿಲ್ಲ."

"ಹಾಗಿಲ್ವಾ?" ಅವಳ ದನಿ ಇಳಿಯಿತು. "ಹಾಗಾದ್ರೆ ನಮ್ಮ ಆಯಿಗೆ ಮತ್ತೊಮ್ಮೆ ಕೇಳ್ಬೇಕಾಯ್ತು."

"ಎಂತಕ್ಕೆ?"

"ನಿನ್ನೆವರಿಗೆ ಅವ್ಳಿಗೆ ಮನಸ್ಸೇ ಇರ್ಲಿಲ್ಲ. ಹುಡುಗನ ಬಾಯಿ ಜೋರು ಅಂತಿದ್ಲು. ವಿಡಿಯೋ ನೋಡಿದ್ಮೇಲೆ ಒಪ್ಕೊಂಡ್ಲು. ಒಂದು ಏಡಿಗೇ ಇಷ್ಟು ಹೆದರೂ ಹುಡುಗ ನಮ್ಮ ಮಗಳಿಗೆ ಎಷ್ಟು ಹೆದರೂದಿಲ್ಲ ಹೇಳು ಅಂದ್ಲು."

"ಹಾಗೇ ಇದ್ದೇನೆ," ಎಂದೆ. "ಈಗ ಇನ್ನೂ ಸ್ವಲ್ಪ ಹೆಚ್ಚೇ."