ಒಪ್ಪಿದವರ ಮನವೊಲಿಕೆ

ಯಾವುದೇ ಊರು ಆಣೆಕಟ್ಟಿನ ಹಿನ್ನೀರಲ್ಲಿ ಮುಳುಗುವ ಮೊದಲು ಅದಕ್ಕೊಂದು ಭಾಷಣ ಮಾಡತಕ್ಕದ್ದು ಎಂಬುದು ಮನವೊಲಿಕೆ ಕಚೇರಿಯ ನಿಯಮ. ಭಾಷಣ ಕೇಳಿ ಮನಸ್ಸು ಬದಲಿಸಿದವರಿಗೆ ಮಾತ್ರ ಹೊಸ ಊರಿನ ಜಾಗದ ಹಕ್ಕುಪತ್ರ.

ಕಚೇರಿಯ ತಾತ್ಕಾಲಿಕ ಭಾಷಣಕಾರ ಗಿರಮಲ್ಲಪ್ಪ ಸಾಮಾನ್ಯ ಆಸಾಮಿಯಲ್ಲ. ಸಭೆಯ ಹೊರಗೆ ಬಿಟ್ಟ ಚಪ್ಪಲಿ ನೋಡಿಯೇ ಒಳಗೆ ಕೂತವರ ಮನಸ್ಸು ಓದುತ್ತಿದ್ದ. ಬನಹಟ್ಟಿಯ ನೇಕಾರರ ಮುಂದೆ ಎಳೆ ಕಡಿದರೆ ಗಂಟು ಹಾಕುವ ಮಾತು, ಮುಧೋಳದ ಕಬ್ಬಿನವರ ಮುಂದೆ ತೂಕದ ಮಾತು. ಇನ್ನೊಂದೇ ಊರು ಒಲಿದರೆ ಅವನ ನೌಕರಿ ಕಾಯಂ. ಒಲಿಯದಿದ್ದರೆ ಮಾವನ ಹಿಟ್ಟಿನ ಗಿರಣಿ.

ಎರಡು ಸಾವಿರದ ಒಂದರ ಆಗಸ್ಟಿನಲ್ಲಿ ಅವನು ಗಲಗಲಿ ಕಡೆಯ ಒಂದು ಹೊಳೆದಂಡಿ ಹಳ್ಳಿಗೆ ಹೋದ. ಸಭೆ ಕರೆದಿದ್ದ ಕನ್ನಡ ಸಾಲಿಯ ಹೊರಗೆ ಒಂದೂ ಚಪ್ಪಲಿ ಇರಲಿಲ್ಲ. ಎಲ್ಲರೂ ಮೆಟ್ಟಿಕೊಂಡೇ ನಿಂತಿದ್ದರು. ಗಾಡಿಗಳ ಮೇಲೆ ತೊಲೆ, ಬಾಗಿಲು, ಬೀಸುಕಲ್ಲು ಏರಿದ್ದವು.

"ನಾವು ಹೊಂಟೇವ್ರಿ," ಎಂದಳು ಹೊಳೆವ್ವ. ಕುರಿ ಸಾಕುವ ಮನೆತನದ ಹಿರಿಯಳು. ಊರು ಅವಳ ಮಾತು ಮೀರುತ್ತಿರಲಿಲ್ಲ. "ನೀರು ಹೊಲದ ಬದುವಿಗೆ ಬಂದೈತಿ. ಹಕ್ಕುಪತ್ರ ಕೊಟ್ಟಬಿಡ್ರಿ."

ಗಿರಮಲ್ಲಪ್ಪ ಚೀಲದಿಂದ ಕಾಗದ ತೆಗೆದು ನೋಡಿದ. ಸಭಿಕರ ಪೃಥಕ್ಕರಣದ ನಮೂನೆಯಲ್ಲಿ ವಿರೋಧಿಗಳು, ಅರೆಮನಸ್ಸಿನವರು, ನಿದ್ದೆ ಮಾಡುವವರು ಎಂದು ಮೂರು ಕಾಲಂ ಇದ್ದವು. ಒಪ್ಪಿದವರಿಗೆ ಕಾಲಂ ಇರಲಿಲ್ಲ. ಪಾಪ, ಅವನು ಮೇಲಧಿಕಾರಿ ಅಣ್ಣಾಸಾಹೇಬರಿಗೆ ಫೋನು ಹಚ್ಚಿದ.

"ಒಪ್ಪಿದವರ ಮನಸ್ಸು ಹ್ಯಾಂಗ ಬದಲಿಸ್ತೀಯೋ?" ಎಂದರು ಸಾಹೇಬರು. "ಭಾಷಣಕಾರ ಸಭಿಕರಿಗೆ ಹೊಂದಿಕೋಬೇಕು. ಆಗಲಿಲ್ಲಂದ್ರ ಸಭಿಕರು ಭಾಷಣಕ್ಕ ಹೊಂದಿಕೋಬೇಕು. ಮೊದಲ ವಿರೋಧ ಮಾಡಸು."

ಆ ಪ್ರಕಾರ ಸಾಲಿಯ ಕಟ್ಟೆಯ ಮೇಲೆ ವಿರೋಧದ ತರಬೇತಿ ಆರಂಭವಾಯಿತು. ರೈತ ಜಕ್ಕಪ್ಪ ಮೊದಲು ಎದ್ದ. "ಸತ್ತರೂ ಊರು ಬಿಡಂಗಿಲ್ಲ!" ಎಂದು ಗುಡುಗಿ, ದನಿ ತಗ್ಗಿಸಿ, "ಟ್ರ್ಯಾಕ್ಟರ್ ಎಷ್ಟೊತ್ತಿಗೆ ಬರ್ತೈತ್ರಿ?" ಎಂದ.

"ಹಿಂಗಲ್ಲೋ ಮಾರಾಯಾ! ಹೊಟ್ಟಿಯೊಳಗಿಂದ ಬರಬೇಕು. ಹೊಳೆವ್ವಾ, ನೀ ಹೇಳಬೇ," ಎಂದ ಗಿರಮಲ್ಲಪ್ಪ.

ಹೊಳೆವ್ವ ಸೆರಗು ಬಿಗಿದು ನಿಂತಳು. "ಈ ಹೊಳಿ ನೀರು ಕುಡದು ಏಳು ಮಕ್ಕಳನ್ನ ಹಡದೇನಿ. ಎರಡನ್ನ ಇದ ದಂಡಿಯಾಗ ಮಣ್ಣು ಮಾಡೇನಿ. ಹೊಸ ಊರಾಗ ನನಗ ಜಾಗಾ ಕೊಡ್ತೀರಿ, ಖರೆ. ಅವಕ್ಕ ಯಾರು ಕೊಡ್ತೀರಿ?"

ಜಕ್ಕಪ್ಪ ಹೋಗಿ ಗಾಡಿಯಿಂದ ತೊಲೆ ಇಳಿಸತೊಡಗಿದ. ಅವನ ಹಿಂದೆ ಊರಿಗೆ ಊರೇ ಸಾಮಾನು ಇಳಿಸಿತು. ಗಿರಮಲ್ಲಪ್ಪನಿಗೂ ಸಂಕಟವಾಯಿತು, ಆದರೂ ಕಣ್ಣೊರೆಸಿಕೊಂಡು, ವಿರೋಧಿಗಳು ನೂರಕ್ಕೆ ನೂರು ಎಂದು ಸಂತೋಷದಿಂದ ಬರೆದ.

ಬಳಿಕ ತನ್ನ ಭಾಷಣ ಬಿಚ್ಚಿದ. ಹೊಸ ಊರಿನ ದೀಪ ಹೇಳಿದ, ನಳ ಹೇಳಿದ, ಬಸ್ಸು ಹೇಳಿದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು, ಒಬ್ಬರೂ ಕದಲಲಿಲ್ಲ. ಅಷ್ಟರಲ್ಲಿ ನೀರು ಸಾಲಿಯ ಮೆಟ್ಟಿಲಿಗೆ ಬಂತು. ಗಿರಣಿಯ ಸಪ್ಪಳ ಅವನ ಕಿವಿಯಲ್ಲಿ ಶುರುವಾಯಿತು.

"ಸಾಕು ಸುಮ್ಮನಿರೋ ತಮ್ಮಾ," ಎಂದು ಹೊಳೆವ್ವ ಜನರ ಕಡೆ ತಿರುಗಿದಳು. "ಸತ್ತವರಿಗೆ ನೀರು ಏನೂ ಮಾಡಂಗಿಲ್ಲ. ನಮ್ಮ ಕುರಿಮರಿಗೆ ಈಸಾಕ ಬರಂಗಿಲ್ಲ. ಗಾಡಿ ಹೂಡ್ರಿ."

ಗಾಡಿಗಳು ಮತ್ತೆ ತುಂಬಿದವು. ಅಣ್ಣಾಸಾಹೇಬರು ಜೀಪಿನಲ್ಲಿ ಬಂದು ಗಿರಮಲ್ಲಪ್ಪನನ್ನು ಅಲ್ಲೇ ಕಾಯಂ ಮಾಡಿ, ಎಲ್ಲರಿಗೂ ಹಕ್ಕುಪತ್ರ ಹಂಚಿದರು. ಹೊಳೆವ್ವನದನ್ನು ಮಾತ್ರ ಕಿಸೆಯಲ್ಲೇ ಇಟ್ಟುಕೊಂಡರು.

"ನನ್ನದ್ರೀ?"

"ನೀ ಭಾಷಣ ಮಾಡಿದಾಕಿ. ಹಕ್ಕುಪತ್ರ ಇರೂದು ಸಭಿಕರಿಗೆ."

"ಅಯ್ಯ ಶಿವನ! ನಾ ಸಭಿಕಳಾಗಬೇಕಂದ್ರ?"

"ಇವನ ಭಾಷಣ ಕೇಳಬೇಕು. ಪೂರ್ತಿ."

ನ್ಯಾಯವಾದ ಮಾತು ಎಂದು ಊರು ಒಪ್ಪಿತು. ಹೊಳೆವ್ವನಿಗೆ ಸಾಲಿಯ ಅಂಗಳದಲ್ಲಿ, ಪಾದ ಮುಳುಗುವಷ್ಟು ನೀರಿನಲ್ಲಿ, ಕುರ್ಚಿ ಹಾಕಿದರು. ಗಿರಮಲ್ಲಪ್ಪ ಗಂಟಲು ಸರಿಪಡಿಸಿಕೊಂಡು "ನೆರೆದಿರುವ ಸಮಸ್ತ ಮಹಾಜನಗಳೇ" ಎಂದು ಆರಂಭಿಸಿದ. ನಲ್ವತ್ತೈದು ನಿಮಿಷಗಳ ನಂತರ, "ಆದ್ದರಿಂದ ನೀರು ಬರುವ ಮೊದಲೇ ಊರು ಬಿಡಿ" ಎಂಬ ಕೊನೆಯ ಸಾಲಿಗೆ ಬಂದಾಗ, ನೀರು ಹೊಳೆವ್ವನ ಮಡಿಲಿಗೆ ಬಂದಿತ್ತು. ಅವಳು ಮನಸ್ಸು ಬದಲಿಸಿರುವುದಾಗಿ ಘೋಷಿಸಿದಳು. ಗಾಡಿಗಳ ಮೇಲೆ ಕಾದು ಕೂತ ಜನ ನಿಯಮದಂತೆ ಚಪ್ಪಾಳೆ ತಟ್ಟಿದರು.